ಮರಿಗೆ ಇಡೀ ಮನೆ ಕೊಡಬೇಡಿ, ಒಂದು ಖೋಲಿ ಕೊಡಿ

(ವಿಜಯಪುರದಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ಬೆಕ್ಕಿನ ಮರಿ ತರಬೇಕು ಅಂದುಕೊಂಡವರಿಗೆ ಮತ್ತು ಈಗಷ್ಟೇ ತಂದವರಿಗೆ ಆಡಿದ ಮಾತು. ಆಡಿದ ಹಾಗೆಯೇ ಬರೆದಿದ್ದೇನೆ. ಕೇಳುಗರ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪಶುವೈದ್ಯೆ ಅಲ್ಲ. ಓಣಿಯಲ್ಲಿ ತಾಯಿ ಇಲ್ಲದೆ ಉಳಿದ ಮರಿಗಳನ್ನು ಸಾಕಿ, ಒಳ್ಳೆ ಮನೆ ನೋಡಿ ಕೊಡುತ್ತೇನೆ. ಬಹಳ ವರ್ಷದಿಂದ ಇದೇ ಕೆಲಸ. ಮರಿ ಒಯ್ದವರಿಂದ ಮೊದಲ ರಾತ್ರಿಯೇ ಫೋನ್ ಬರುತ್ತದೆ. "ಅಕ್ಕಾರ, ಕಪಾಟಿನ ಹಿಂದ ಹೋಗಿ ಕೂತದ, ಹೊರಗ ಬರವಲ್ದು." "ಏನೂ ತಿನ್ನವಲ್ದು." "ರಾತ್ರಿಯೆಲ್ಲ ಒದರಾಕತ್ತದ, ಯಾರೂ ಮಲಗಿಲ್ರೀ." ಆಗ ನಾನು ಮೊದಲು ಕೇಳುವುದು, ಮರಿಗೆ ಎಷ್ಟು ಜಾಗ ಕೊಟ್ಟಿದ್ದೀರಿ ಅಂತ. ಹೆಚ್ಚಿನವರ ಉತ್ತರ ಒಂದೇ: "ಇಡೀ ಮನೀನೇ ಬಿಟ್ಟೀವ್ರೀ, ಎಲ್ಲಿ ಬೇಕಾದಲ್ಲಿ ಓಡಾಡ್ಲಿ ಅಂತ." ಪ್ರೀತಿಯಿಂದಲೇ ಬಿಟ್ಟಿರುತ್ತಾರೆ. ಆದರೆ ತೊಂದರೆ ಶುರುವಾಗುವುದು ಅಲ್ಲೇ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ. ಏಳು ಅನ್ನುವ ಲೆಕ್ಕ ಬಿಡಿ, ತಾಯಿ ಬೆಕ್ಕು ಜಾಗ ಬದಲಿಸುತ್ತಾ ಹೋಗುವುದಂತೂ ನಿಜ. ಅದು ಮರಿಗಳನ್ನು ಕಚ್ಚಿಕೊಂಡು ಎಲ್ಲಿಗೆ ಹೋಗುತ್ತದೆ, ನೋಡಿದ್ದೀರಾ? ಅಟ್ಟದ ಮೂಲೆಗೆ. ಕಟ್ಟಿಗೆ ರಾಶಿಯ ಹಿಂದಕ್ಕೆ. ಜೋಳದ ಚೀಲಗಳ ಸಂದಿಗೆ. ಜಾಗ ಕತ್ತಲಾಗಿರಬೇಕು, ಇಕ್ಕಟ್ಟಾಗಿರಬೇಕು, ಬೆಚ್ಚಗಿರಬೇಕು, ಒಳಗೆ ಬರಲು ಒಂದೇ ದಾರಿ ಇರಬೇಕು. ಪಡಸಾಲೆಯ ನಟ್ಟನಡುವೆ ಮರಿ ಹಾಕಿದ ಬೆಕ್ಕನ್ನು ನಾನಂತೂ ಕಂಡಿಲ್ಲ. ಮರಿಗೆ ಏನು ಬೇಕು ಅಂತ ಅದರ ತಾಯಿ ತೋರಿಸಿಕೊಟ್ಟಿದೆ, ನಾವು ಅದನ್ನೇ ಮಾಡಿದರಾಯಿತು.

ಇನ್ನೊಂದು ವಿಷಯ ವಾಸನೆ. ಬೆಕ್ಕು ಜಾಗವನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ಗುರುತಿಸುತ್ತದೆ. ಅದರ ಗಲ್ಲದಲ್ಲಿ, ಗದ್ದದಲ್ಲಿ, ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಕಾಲಿಗೆ ಗಲ್ಲ ತಿಕ್ಕುತ್ತದಲ್ಲ, ಅದು ತನ್ನ ವಾಸನೆ ಹಚ್ಚಿ ಇದು ನನ್ನ ಜಾಗ ಅಂತ ಗುರುತು ಮಾಡಿಕೊಳ್ಳುವ ಕೆಲಸ. ಹೊಸ ಮನೆಗೆ ಬಂದ ಮರಿಗೆ ಆ ಗುರುತು ಎಲ್ಲೂ ಸಿಗುವುದಿಲ್ಲ. ತಾಯಿಯ ವಾಸನೆ ಇಲ್ಲ, ಒಡಹುಟ್ಟಿದ ಮರಿಗಳ ವಾಸನೆ ಇಲ್ಲ, ಎಲ್ಲವೂ ಅಪರಿಚಿತ. ಎಲ್ಲಮ್ಮನ ಜಾತ್ರೆಯಲ್ಲಿ ಅವ್ವನ ಕೈ ತಪ್ಪಿದ ಮಗುವಿನ ಹಾಗೆ ಅದರ ಸ್ಥಿತಿ. ಅಷ್ಟು ದೊಡ್ಡ ಮನೆಯನ್ನು ಒಂದೇ ದಿನದಲ್ಲಿ ತನ್ನದು ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಒಂದು ಸಣ್ಣ ಖೋಲಿಯಾದರೆ ಆಗುತ್ತದೆ.

ಆದ್ದರಿಂದ ಮರಿ ಬರುವ ಮೊದಲೇ ಒಂದು ಖೋಲಿ ತಯಾರು ಮಾಡಿ. ಜನ ಕಡಿಮೆ ಓಡಾಡುವ ಖೋಲಿ. ಬೇರೆ ಖೋಲಿ ಇಲ್ಲ ಅನ್ನುವವರು ಮಲಗುವ ಖೋಲಿಯ ಒಂದು ಮೂಲೆಯನ್ನೇ ಹಳೇ ಚಾದರ ಕಟ್ಟಿ ಬೇರೆ ಮಾಡಿ, ನಡೆಯುತ್ತದೆ. ಒಂದು ರಟ್ಟಿನ ಡಬ್ಬಿ ಮಗ್ಗುಲಾಗಿಟ್ಟು ಒಳಗೆ ಹಳೇ ಕೌದಿ ಹಾಸಿ. ಕೌದಿ ಒಗೆದದ್ದಾದರೂ ನೀವು ಉಪಯೋಗಿಸಿದ್ದಾಗಿರಲಿ, ನಿಮ್ಮ ವಾಸನೆ ಅದಕ್ಕೆ ಪರಿಚಯವಾಗುತ್ತದೆ. ಊಟದ ತಾಟು ಒಂದು ಮೂಲೆಗೆ, ಹೇಲು ಉಚ್ಚೆಯ ತಟ್ಟೆ ಅದರಿಂದ ದೂರದ ಮೂಲೆಗೆ. ಉಣ್ಣುವ ಜಾಗದ ಪಕ್ಕ ಹೊಲಸು ಮಾಡಲು ಬೆಕ್ಕಿಗೆ ಮನಸ್ಸಿಲ್ಲ, ಪಕ್ಕಪಕ್ಕ ಇಟ್ಟರೆ ಒಂದನ್ನು ಬಿಟ್ಟುಬಿಡುತ್ತದೆ. ನೀರನ್ನೂ ಊಟದಿಂದ ಸ್ವಲ್ಪ ದೂರ ಇಡಿ. ಕಪಾಟಿನ ಹಿಂದೆ, ಮಂಚದ ಕೆಳಗಿನ ಪೆಟ್ಟಿಗೆಗಳ ನಡುವೆ ಕೈ ಹೋಗದ ಸಂದಿಗಳಿದ್ದರೆ ಹಳೇ ಬಟ್ಟೆ ತುರುಕಿ ಮುಚ್ಚಿ. ಅಡಗಲು ಜಾಗ ಬೇಕು, ಆದರೆ ಅದು ನಿಮ್ಮ ಕೈಗೆ ಸಿಗುವ ಜಾಗವಾಗಿರಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ, ಮೇಲುಪ್ಪರಿಗೆಯ ಖೋಲಿಯಲ್ಲಿ ಮರಿ ಇಡಬೇಡಿ. ಕೆಳಗಿನ ಫರಸಿ ನೆಲ ತಂಪಾಗಿರುತ್ತದೆ, ಅಲ್ಲಿರಲಿ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುವ ಪ್ರಾಣಿ ಅಲ್ಲ. ಹಾಗೆ ಬಿಡುತ್ತಿದ್ದರೆ ತಂಪು ಜಾಗಕ್ಕೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಬೆಳಗಾವಿಯಿಂದ ಬಂದವರೂ ಇಲ್ಲಿದ್ದೀರಿ, ನಿಮ್ಮದು ಬೇರೆ ಕಥೆ. ಅಲ್ಲಿ ಮಳೆಗಾಲದ ಥಂಡಿ ಸಣ್ಣ ಮರಿಗೆ ತಡೆಯದು. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಡಬ್ಬಿಯ ಒಂದು ಬದಿಗೆ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿದು ಮಲಗಲು ಜಾಗ ಇರಲಿ.

ಎಷ್ಟು ದೊಡ್ಡ ಮರಿ ತರಬೇಕು? ಕನಿಷ್ಠ 8 ವಾರ ತಾಯಿಯ ಹತ್ತಿರ ಇರಬೇಕು, 12 ವಾರ ಇದ್ದರೆ ಇನ್ನೂ ಒಳ್ಳೆಯದು. ಸಣ್ಣದಿದ್ದಾಗಲೇ ತಂದರೆ ಬೇಗ ಹೊಂದಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಮರಿಗಳು ಒಂದಕ್ಕೊಂದು ಕಚ್ಚಿ ಆಡುವುದನ್ನು ನೋಡಿದ್ದೀರಲ್ಲ, ಜೋರಾಗಿ ಕಚ್ಚಿದರೆ ಇನ್ನೊಂದು ಚೀರಿ ಆಟ ಬಿಟ್ಟು ಹೋಗುತ್ತದೆ. ಎಷ್ಟು ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅಲ್ಲೇ ಕಲಿಯುತ್ತದೆ. ಬೇಗ ಬೇರೆ ಮಾಡಿದ ಮರಿ ಅದನ್ನು ನಿಮ್ಮ ಕೈ ಮೇಲೆ ಕಲಿಯಬೇಕಾಗುತ್ತದೆ. ವಯಸ್ಸು ಗೊತ್ತಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. 4 ವಾರದ ಮರಿ ಸುಮಾರು 400 ಗ್ರಾಂ, 8 ವಾರದ್ದು 800–900 ಗ್ರಾಂ ಇರುತ್ತದೆ. ಬಡಕಲು ಮರಿಗೆ ಈ ಲೆಕ್ಕ ತಪ್ಪುತ್ತದೆ, ಆಗ ಹಲ್ಲು ನೋಡಬೇಕು. ಮುಂದಿನ ಸಣ್ಣ ಹಲ್ಲುಗಳು 3–4 ವಾರಕ್ಕೆ ಕಾಣುತ್ತವೆ, ಹಾಲು ಹಲ್ಲು ಪೂರ್ತಿ ಬರುವುದಕ್ಕೆ 8 ವಾರ ಬೇಕು. ತಾಯಿಯೇ ಇಲ್ಲದ ಮರಿಗಳ ಮಾತು ಬೇರೆ, ಅವು ಸಿಕ್ಕಾಗ ತರಲೇಬೇಕು, ಬಿಟ್ಟು ಬರಲಾಗುವುದಿಲ್ಲ.

ಮರಿ ತರುವಾಗ ಗೋಣಿಚೀಲ ಬೇಡ. ಮುಚ್ಚಳ ಇರುವ ಬಿದಿರು ಬುಟ್ಟಿ ಅಥವಾ ತೂತು ಮಾಡಿದ ರಟ್ಟಿನ ಡಬ್ಬಿ ಸಾಕು. ತಾಯಿ ಮಲಗುತ್ತಿದ್ದ ಬಟ್ಟೆಯ ಒಂದು ತುಂಡು ಕೇಳಿ ತನ್ನಿ, ಅದನ್ನು ಒಗೆಯಬೇಡಿ. ಬೈಕಿನ ಮೇಲೆ ಮಡಿಲಲ್ಲಿಟ್ಟುಕೊಂಡು ಬರಬೇಡಿ, ಒಂದು ಹಾರ್ನಿಗೆ ಜಿಗಿದು ಹೋಗುತ್ತದೆ. ಗಣಪತಿ ವಿಸರ್ಜನೆ, ದೀಪಾವಳಿ, ಮನೆಯಲ್ಲಿ ಮದುವೆ, ಈ ದಿನಗಳಲ್ಲಿ ತರುವುದಂತೂ ಬೇಡವೇ ಬೇಡ. ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಕೀರಲು ಸದ್ದು ಕೇಳಿದರೆ ಬೆಕ್ಕಿಗೆ 60 ದಾಟಿಯೂ ಕೇಳುತ್ತದೆ. ಡಾಲ್ಬಿ ಹಚ್ಚಿದ ಮೆರವಣಿಗೆ ಮನೆ ಮುಂದೆ ಹೋಗುವ ದಿನವೇ ಅದರ ಮೊದಲ ದಿನವಾದರೆ ಪಾಪ, ಆ ಹೆದರಿಕೆ ಬಹಳ ದಿನ ಉಳಿಯುತ್ತದೆ.

ಮನೆಗೆ ತಂದ ಮೇಲೆ ಬುಟ್ಟಿಯನ್ನು ಆ ಖೋಲಿಯಲ್ಲಿಟ್ಟು ಮುಚ್ಚಳ ತೆಗೆದು ಸುಮ್ನೆ ಕೂತುಬಿಡಿ. ನೆಲದ ಮೇಲೆ ಕೂಡಿ. ನಿಂತರೆ ನಾವು ಅದಕ್ಕೆ ಬಹಳ ಎತ್ತರ. ಮೊಬೈಲ್ ನೋಡಿ, ಪೇಪರ್ ಓದಿ, ಸೊಪ್ಪು ಸೋಸಿ, ಮರಿಯನ್ನು ಮಾತ್ರ ಕರೆಯಬೇಡಿ, ಹಿಡಿಯಬೇಡಿ, ದಿಟ್ಟಿಸಿ ನೋಡಬೇಡಿ. ದಿಟ್ಟಿಸಿ ನೋಡುವುದು ಬೆಕ್ಕಿನ ಲೋಕದಲ್ಲಿ ಜಗಳಕ್ಕೆ ನಿಂತ ಲಕ್ಷಣ. ಅದು ನಿಮ್ಮ ಕಡೆ ನೋಡಿದರೆ ನಿಧಾನಕ್ಕೆ ಕಣ್ಣು ಮುಚ್ಚಿ, ನಿಧಾನಕ್ಕೆ ತೆರೆಯಿರಿ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹಾಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ತಿರುಗಿ ಮಿಟುಕಿಸಿದವು, ಅಪರಿಚಿತರಾದರೂ ಅವರು ಚಾಚಿದ ಕೈಯ ಹತ್ತಿರ ಹೆಚ್ಚು ಬಂದವು. ನನಗೆ ಇದು ಬಹಳ ಖುಷಿ ಕೊಟ್ಟ ವಿಷಯ, ಏಕೆಂದರೆ ದುಡ್ಡಿಲ್ಲದೆ, ಯಾರು ಬೇಕಾದರೂ, 80 ದಾಟಿದ ಅಜ್ಜಿಯೂ ಕೂತಲ್ಲೇ ಮಾಡಬಹುದು.

ಮರಿ ತಾನಾಗಿ ಬಂದು ಬೆರಳು ಮೂಸಿ ನೋಡಿದ ಮೇಲೆ ಗಲ್ಲ, ಕಿವಿಯ ಹಿಂದೆ ಸ್ವಲ್ಪ ಸವರಿ. ಹೊಟ್ಟೆ ಮುಟ್ಟಬೇಡಿ. ಕೆಲವು ಮರಿ ಅರ್ಧ ಗಂಟೆಗೆ ಬರುತ್ತವೆ, ಕೆಲವಕ್ಕೆ ವಾರ ಬೇಕು. ಮನುಷ್ಯರ ಕೈ ಬೆಕ್ಕಿಗೆ ರೂಢಿಯಾಗುವುದು ಹೆಚ್ಚಾಗಿ 2ರಿಂದ 7 ವಾರದೊಳಗೆ. ಆ ವಯಸ್ಸಿನಲ್ಲಿ ಯಾರೂ ಮುಟ್ಟಿರದ ಓಣಿಯ ಮರಿಯಾದರೆ ಅದು ಕಲಿಯುವುದು ನಿಧಾನ, ಆದರೆ ಕಲಿಯುತ್ತದೆ. ಬೆನ್ನು ಹತ್ತಿ ಹಿಡಿದರೆ ಮಾತ್ರ ಇಷ್ಟು ದಿನ ಗಳಿಸಿದ ನಂಬಿಕೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ರಾತ್ರಿ ಒದರುವುದರ ಬಗ್ಗೆ. ಅದು ಹಸಿವಿಗಿಂತ ಜಾಸ್ತಿ ಒಂಟಿತನದ ಕೂಗು. ಇಷ್ಟು ದಿನ ಮೂರ್ನಾಲ್ಕು ಮರಿಗಳ ಗುಡ್ಡೆಯೊಳಗೆ ಮಲಗಿದ್ದು ಈಗ ಒಂದೇ ಇದೆ. ಮಲಗುವ ಮೊದಲು ಒಂದು ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ಚೆನ್ನಾಗಿ ಆಡಿಸಿ, ದಣಿಸಿ, ಆಮೇಲೆ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ, ಬೆಕ್ಕಿನ ದಿನ ಇದೇ ಕ್ರಮದಲ್ಲಿ ನಡೆಯುತ್ತದೆ. ಆಟ ಮುಗಿದ ಮೇಲೆ ಆ ದಾರವನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲ ಕೆಲವು ರಾತ್ರಿ ಮನೆಯಲ್ಲಿ ಯಾರಾದರೂ ಒಬ್ಬರು ಅದೇ ಖೋಲಿಯಲ್ಲಿ ಹಾಸಿಗೆ ಹಾಸಿ ಮಲಗಿದರೆ ಒದರುವುದು ಬಹಳ ಕಡಿಮೆಯಾಗುತ್ತದೆ. ಹಗಲು ಅದು ನಿದ್ದೆ ಮಾಡಿದರೆ ಎಬ್ಬಿಸಬೇಡಿ. ಸಣ್ಣ ಮರಿ ದಿನಕ್ಕೆ 18 ಗಂಟೆಗೂ ಜಾಸ್ತಿ ಮಲಗುತ್ತದೆ, ಬೆಳೆಯುವುದು ಆ ನಿದ್ದೆಯಲ್ಲೇ. ನೆಂಟರು ಬಂದಾಗ ತೋರಿಸಲಿಕ್ಕೆ ಅಂತ ಎಬ್ಬಿಸಿ ತರುವುದನ್ನು ದಯವಿಟ್ಟು ಬಿಡಿ.

ಇನ್ನು ಊಟ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಕಡೆ ಮರಿಗಳು ಸೊರಗುವುದು ಹೆಚ್ಚಾಗಿ ಊಟದಿಂದ.

ನಮ್ಮಲ್ಲಿ ಬೆಕ್ಕು ಅಂದರೆ ಹಾಲು ರೊಟ್ಟಿ. ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಇಡುವುದು ತಲೆತಲಾಂತರದಿಂದ ಬಂದದ್ದು. ಹಿಂದೆ ಅದು ನಡೆಯುತ್ತಿತ್ತು, ಏಕೆಂದರೆ ಆ ಬೆಕ್ಕಿನ ನಿಜವಾದ ಊಟ ರೊಟ್ಟಿ ಆಗಿರಲಿಲ್ಲ. ಕಾಳಿನ ಚೀಲಗಳ ನಡುವೆ, ಹೊಲದಲ್ಲಿ, ಕಣದಲ್ಲಿ ಅದು ಇಲಿ ಹಿಡಿದು ತಿನ್ನುತ್ತಿತ್ತು. ಹಾಲು ರೊಟ್ಟಿ ಮೇಲಿನದು. ಈಗ ಮೂರನೇ ಅಂತಸ್ತಿನ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿ ಸಾಕುವ ಮರಿಗೆ ಅದನ್ನಷ್ಟೇ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆಯನ್ನು ಜೀರ್ಣ ಮಾಡುವ ಶಕ್ತಿ ತಾಯಿ ಹಾಲು ಬಿಟ್ಟ ಮೇಲೆ ಬೆಕ್ಕಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಆಕಳ ಹಾಲು, ಎಮ್ಮೆ ಹಾಲು ಕುಡಿದು ಭೇದಿ ಹತ್ತಿದರೆ ಅಂಗೈಯಷ್ಟು ಮರಿ ಒಂದೇ ದಿನದಲ್ಲಿ ನೀರಿನಂಶ ಕಳೆದುಕೊಂಡು ಬಿದ್ದುಹೋಗುತ್ತದೆ. ಕುಡಿಯಲು ನೀರು ಕೊಡಿ. ಕಣ್ಣು ತೆರೆಯದ, ಹಲ್ಲು ಬಾರದ ಅನಾಥ ಮರಿಗೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ಕುಡಿಸಬೇಕು.

ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ನಾಯಿಗೂ ಅದಕ್ಕೂ ಇದರಲ್ಲಿ ಬಹಳ ವ್ಯತ್ಯಾಸ ಇದೆ. ಟಾರಿನ್ ಅಂತ ಒಂದು ಪೋಷಕಾಂಶ. ಅದು ಮಾಂಸ, ಮೀನಿನಲ್ಲಿ ಇರುತ್ತದೆ, ಕಾಳು ಕಡಿಯಲ್ಲಿ ಇಲ್ಲ. ನಮ್ಮ ಮೈ ಅದನ್ನು ತಾನೇ ತಯಾರು ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಬೇಕಾದಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅದು ಸಿಗದಿದ್ದರೆ ಮೊದಲು ಕಣ್ಣಿನ ಹಿಂಪದರ ಹಾಳಾಗಿ ನೋಟ ಹೋಗುತ್ತದೆ. ಹೃದಯದ ಗೋಡೆಯೂ ತೆಳುವಾಗಿ ಹಿಗ್ಗುತ್ತದೆ, ಇದನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಕಂಡುಕೊಂಡರು. ಗಜ್ಜರಿಯಲ್ಲಿರುವ ಅಂಶದಿಂದ ನಾವು ಎ ಜೀವಸತ್ವ ಮಾಡಿಕೊಳ್ಳುತ್ತೇವೆ, ಬೆಕ್ಕಿಗೆ ಅದೂ ಬರುವುದಿಲ್ಲ. ಸಿಹಿಯ ರುಚಿಯೂ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ ಅಂತ 2005ರಲ್ಲಿ ಪತ್ತೆಯಾಯಿತು. ನಿಮ್ಮ ಮರಿ ಬೆಳಗಾವಿ ಕುಂದಾ ನೆಕ್ಕಲು ಬಂದರೆ ಅದು ಜಿಡ್ಡಿನ ಆಸೆಗೆ ಬಂದದ್ದು, ಅದಕ್ಕೆ ಕುಂದಾ ಕೊಡುವುದು ಪ್ರೀತಿ ಅಂತ ತಿಳಿಯಬೇಡಿ.

ಇಷ್ಟು ಹೇಳುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅವ್ವ ಎದ್ದು ನಿಂತು ಕೇಳಿದರು: "ನಮ್ಮ ಮನ್ಯಾಗ ತತ್ತೀನೂ ತರಂಗಿಲ್ರೀ. ಹಂಗಾರ ನಾವು ಬೆಕ್ಕು ಸಾಕಬಾರದೇನು?"

ಇದು ನನಗೆ ಅತಿ ಮುಖ್ಯವಾದ ಪ್ರಶ್ನೆ. ಈ ಮೂರು ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಪರಿಸ್ಥಿತಿ ಇದು, ಅದರ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ಅವ್ವಾರ, ನೀವು ಮಾಂಸ ಬೇಯಿಸಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ. ಬೆಕ್ಕಿನ ಮರಿಗೆಂದೇ ಮಾಡಿದ ಒಣ ಕಾಳಿನಂಥ ಆಹಾರ ಪೊಟ್ಟಣದಲ್ಲಿ ಬರುತ್ತದೆ, ಟಾರಿನ್ ಕೂಡ ಅದರಲ್ಲಿ ಸೇರಿಸಿರುತ್ತಾರೆ. ಒಂದು ಚಮಚ, ಒಂದು ತಾಟು ಅದಕ್ಕೇ ಬೇರೆ ಇಡಿ. ಅಡುಗೆಮನೆಯ ಹೊರಗೆ, ಹಿತ್ತಲ ಬಾಗಿಲ ಹತ್ತಿರ ಹಾಕಿ. ಹೀಗೆ ಮಾಡುವ ಶಾಕಾಹಾರಿ ಮನೆಗಳನ್ನು ನಾನು ನೋಡಿದ್ದೇನೆ, ಅಲ್ಲಿ ಬೆಕ್ಕುಗಳು ಚೆನ್ನಾಗಿವೆ. ಪೊಟ್ಟಣ ಸಹ ಮನೆಯೊಳಗೆ ಬರಬಾರದು ಅನ್ನುವ ಕಟ್ಟುನಿಟ್ಟಾದರೆ, ಮನಸ್ಸಿಗೆ ಬೇಜಾರಾದರೂ ಹೇಳುತ್ತೇನೆ, ಬೆಕ್ಕು ತರಬೇಡಿ. ಅದರ ಮೈಯ ಧರ್ಮ ಬೇರೆ, ಅದನ್ನು ನಾವು ಬದಲಿಸಲು ಬರುವುದಿಲ್ಲ.

ಮಾಂಸಾಹಾರಿ ಮನೆಯವರು ಬರೀ ಬೇಯಿಸಿದ ಕೋಳಿ ಹಾಕಿದರೂ ಸಾಲದು. ಎಲುಬಿಲ್ಲದ ಕೋಳಿಯಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಬೆಳೆಯುವ ಮರಿಯ ಮೂಳೆ ಮೆತ್ತಗಾಗುತ್ತದೆ. ಮರಿ ಆಹಾರ ಮುಖ್ಯ, ಕೋಳಿ, ಬೇಯಿಸಿದ ತತ್ತಿ, ಆಲಮಟ್ಟಿಯಿಂದ ಬರುವ ಮೀನು ಇವೆಲ್ಲ ಮೇಲಿಂದ ಸ್ವಲ್ಪ. ಮೀನು ಬೇಯಿಸಿ, ಮುಳ್ಳು ತೆಗೆದೇ ಕೊಡಿ. ಖಾರ, ಉಪ್ಪು, ಮಸಾಲೆ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಾಗಲಿ ಬೇಯಿಸಿದ್ದಾಗಲಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ನಮ್ಮ ಸಾರಿನಲ್ಲಿ ಬೆಂದ ತುಂಡನ್ನು ತೊಳೆದು ಕೊಡುವುದೂ ಬೇಡ. ದಿನಕ್ಕೆ 3–4 ಸಲ ಸ್ವಲ್ಪ ಸ್ವಲ್ಪ ಹಾಕಿ. ಅದು ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತೋ ಕೇಳಿಕೊಂಡು ಮೊದಲು ಅದನ್ನೇ ಕೊಡಿ, ಹೊಸದನ್ನು ವಾರದ ಮೇಲೆ ಬೆರೆಸುತ್ತಾ ಬನ್ನಿ. ಒಣ ಆಹಾರ ಮೂಸಿ ಬಿಟ್ಟರೆ ಬಿಸಿನೀರು ಹಾಕಿ ಮೆತ್ತಗೆ ಮಾಡಿ, ಬೆಚ್ಚಗಾದರೆ ವಾಸನೆ ಬರುತ್ತದೆ, ಆಗ ಬಾಯಿ ಹಾಕುತ್ತದೆ. ಮೊದಲ ದಿನ ಹೆದರಿ ಕಡಿಮೆ ತಿನ್ನುವುದು ಇದ್ದದ್ದೇ. ಆದರೆ ಇಡೀ ಒಂದು ದಿನ ಒಂದು ತುತ್ತೂ ತಿನ್ನಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ, ಡಾಕ್ಟರ ಹತ್ತಿರ ಹೋಗಿ.

ಹೇಲು ಉಚ್ಚೆ ಕಲಿಸುವುದು ಜನ ಹೆದರುವಷ್ಟು ಕಷ್ಟ ಅಲ್ಲ. ಅಗಲವಾದ, ಅಂಚು ಗಿಡ್ಡ ಇರುವ ಪ್ಲಾಸ್ಟಿಕ್ ತಟ್ಟೆಗೆ ಜರಡಿ ಹಿಡಿದ ಉಸುಕು ಹಾಕಿ. ಮನೆ ಕಟ್ಟುವ ಕಡೆಯ ಸಿಮೆಂಟು ಬೆರೆತ ಉಸುಕು ಬೇಡ. ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಗಟ್ಟಿ ಉಂಡೆಯಾಗುವ ಮಣ್ಣನ್ನು ತೀರ ಸಣ್ಣ ಮರಿಗೆ ಇಡಬೇಡಿ, ನೆಕ್ಕಿ ನುಂಗಿಬಿಡುತ್ತವೆ. ಊಟ ಆದ ಮೇಲೆ, ನಿದ್ದೆಯಿಂದ ಎದ್ದ ಮೇಲೆ ಅದನ್ನು ಎತ್ತಿ ತಟ್ಟೆಯಲ್ಲಿ ಬಿಡಿ. ಕೆದರಿ ಮುಚ್ಚುವುದು ಅದರ ಹುಟ್ಟುಗುಣ. ಬೇರೆ ಕಡೆ ಮಾಡಿದರೆ ಮೂತಿ ಹಿಡಿದು ತಿಕ್ಕುವುದು, ಹೊಡೆಯುವುದು ಮಾಡಬೇಡಿ. ಒರೆಸಿದ ಬಟ್ಟೆಯ ಚೂರನ್ನು ತಟ್ಟೆಯೊಳಗೆ ಹಾಕಿ, ಆ ವಾಸನೆಯೇ ದಾರಿ ತೋರಿಸುತ್ತದೆ. ದಿನಾ ತೆಗೆಯಬೇಕು. ಹೊಲಸು ತಟ್ಟೆಗೆ ಬೆಕ್ಕು ಕಾಲಿಡುವುದಿಲ್ಲ.

ಮನೆಯೊಳಗಿನ ಅಪಾಯಗಳು. ಮೊದಲನೆಯದು ಫಿನೈಲ್. ದಿನಾ ಬೆಳಿಗ್ಗೆ ನೆಲಕ್ಕೆ ಫಿನೈಲ್ ಹಾಕಿ ಒರೆಸುವುದು ನಮ್ಮ ಮನೆಗಳ ರೂಢಿ. ಮರಿ ಆ ಒದ್ದೆ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುತ್ತದೆ. ಆ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಅದೇ ಕಾರಣಕ್ಕೆ ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ಮರಿಗೆ ಮೈ ಬಿಸಿ ಅಂತ ಮಕ್ಕಳ ಸಿರಪ್ ಹಾಕುವವರಿದ್ದಾರೆ, ಕೈ ಮುಗಿದು ಕೇಳುತ್ತೇನೆ, ಹಾಕಬೇಡಿ. ನಾಯಿಗೆ ಹಚ್ಚುವ ಉಣ್ಣಿ, ಚಿಗಟದ ಔಷಧಿಯಲ್ಲಿ ಪರ್ಮೆತ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷ. ಬಟ್ಟೆ ಕಪಾಟಿನ ಡಾಂಬರ ಗುಳಿಗೆ, ಇಲಿ ಪಾಷಾಣ, ಎರಡೂ ಮನೆಯಿಂದ ಹೊರಗೆ ಹೋಗಲಿ. ಮರಿ ಪಾಷಾಣ ತಿನ್ನದಿದ್ದರೂ ಪಾಷಾಣ ತಿಂದ ಇಲಿಯನ್ನು ತಿಂದರೆ ಅದಕ್ಕೂ ಅಪಾಯ.

ಎರಡನೆಯದು ದಾರ. ಇಳಕಲ್ಲ, ಗುಳೇದಗುಡ್ಡದ ಕಡೆ ಮಗ್ಗ ಇರುವ ಮನೆಯವರು ಇದನ್ನು ಕಿವಿಗೊಟ್ಟು ಕೇಳಿ. ಟೇಲರಿಂಗ್ ಮಾಡುವವರೂ, ಹೂ ಕಟ್ಟುವವರೂ. ಬೆಕ್ಕಿನ ನಾಲಗೆಯ ಮುಳ್ಳುಗಳು ಒಳಮುಖವಾಗಿವೆ. ದಾರ ಒಮ್ಮೆ ಬಾಯಿಗೆ ಹೋದರೆ ಉಗುಳಲು ಬರುವುದಿಲ್ಲ, ಒಳಗೇ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ ಕರುಳು ನೆರಿಗೆಯಾಗಿ ಕೊಯ್ದುಹೋಗುತ್ತದೆ. ರೇಷ್ಮೆ ನೂಲು, ಜರಿ, ಸೂಜಿ ಪೋಣಿಸಿದ ದಾರ, ರಬ್ಬರ್ ಬ್ಯಾಂಡು, ಎಲ್ಲವನ್ನೂ ಮುಚ್ಚಿಡಿ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುವುದು ಕಂಡರೆ ಎಳೆಯಬೇಡಿ. ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ.

ನೀರಿನ ಬಕೆಟು, ಸಂಪು ಮುಚ್ಚಿರಲಿ. ವಾಷಿಂಗ್ ಮಷಿನ್ ಹಚ್ಚುವ ಮೊದಲು ಒಳಗೆ ನೋಡಿ. ಗಾಡಿ ಚಾಲೂ ಮಾಡುವ ಮೊದಲು ಬಾನೆಟ್ ತಟ್ಟಿ.

ಮನೆಯಲ್ಲಿ ನಾಯಿ ಇದ್ದರೆ? ಒಂದು ವಾರ ಮುಖಾಮುಖಿ ಬೇಡ. ಮರಿ ಮಲಗಿದ ಬಟ್ಟೆಯನ್ನು ನಾಯಿಗೆ, ನಾಯಿಯ ಬಟ್ಟೆಯನ್ನು ಮರಿಗೆ ಕೊಟ್ಟು ವಾಸನೆ ಪರಿಚಯ ಮಾಡಿಸಿ. ಆಮೇಲೆ ಬಾಗಿಲ ಸಂದಿಯಿಂದ, ಆಮೇಲೆ ನಾಯಿಗೆ ಬೆಲ್ಟ್ ಹಾಕಿ ದೂರದಿಂದ. ಮುಧೋಳ ನಾಯಿ ಇರುವವರು ಇನ್ನೂ ಜಾಸ್ತಿ ಎಚ್ಚರ ಇರಬೇಕು. ಅದು ಕಣ್ಣಿಂದ ಬೇಟೆ ಗುರುತಿಸಿ ಬೆನ್ನಟ್ಟಲು ಬೆಳೆಸಿದ ತಳಿ, ಸಣ್ಣದೇನಾದರೂ ಓಡಿದರೆ ಹಿಂದೆ ಓಡುವುದು ಅದರ ರಕ್ತದಲ್ಲಿದೆ. ಎಷ್ಟೇ ಸಾಧುವಾಗಿದ್ದರೂ ಎರಡನ್ನೇ ಬಿಟ್ಟು ಹೋಗಬೇಡಿ. ಮನೆಯಲ್ಲಿ ಮೊದಲೇ ದೊಡ್ಡ ಬೆಕ್ಕಿದ್ದರೂ ಇದೇ ದಾರಿ, ಬಟ್ಟೆ ಬದಲಿಸಿ, ನಿಧಾನ ಮಾಡಿ, ತಟ್ಟೆ ತಾಟು ಬೇರೆ ಬೇರೆ ಇಡಿ.

ಮಕ್ಕಳಿಗೆ ಒಂದೇ ಮಾತು ಹೇಳಿಕೊಡಿ: ಅದು ಬಂದರೆ ಮುಟ್ಟು, ಹೋದರೆ ಬಿಡು. ಕೈ ಬೆರಳನ್ನು ಆಟದ ಸಾಮಾನು ಮಾಡಬೇಡಿ, ಈಗ ಮುದ್ದಾಗಿ ಕಚ್ಚುವ ಮರಿ ಆರು ತಿಂಗಳಿಗೆ ರಕ್ತ ಬರಿಸುತ್ತದೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಕೇಳಿ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಅಂತ ತಿಳಿಯಬೇಡಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚುವುದು ಬೇಡ.

ಡಾಕ್ಟರ ಹತ್ತಿರ ಮೊದಲ ವಾರದಲ್ಲೇ ಹೋಗಿ ಬನ್ನಿ. ಜಂತಿನ ಔಷಧಿ ತೂಕ ನೋಡಿ ಅವರೇ ಕೊಡಲಿ. 6–8 ವಾರಕ್ಕೆ ಮೊದಲ ಲಸಿಕೆ ಶುರುವಾಗಿ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. 12 ವಾರ ಆದ ಮೇಲೆ ರೇಬಿಸ್ ಲಸಿಕೆ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು 5 ತಿಂಗಳ ಹೊತ್ತಿಗೆ ಮಾಡಿಸಿ. ಹೆಣ್ಣು ಮರಿ 4 ತಿಂಗಳಿಗೇ ಬೆದೆಗೆ ಬರಬಹುದು, ಬಸಿರು ಬರೀ 9 ವಾರ. ಒಂದು ಸಲ ಹೆರಲಿ ಅಂತ ಬಿಡುವವರ ಮನೆಯ ಮರಿಗಳೇ ಕೊನೆಗೆ ಸಂತೆ ಮೂಲೆಯಲ್ಲಿ, ಗುಡಿಯ ಹಿಂದೆ ಡಬ್ಬಿಯಲ್ಲಿ ಸಿಗುತ್ತವೆ. ನಾನು ಸಾಕುವ ಮರಿಗಳಲ್ಲಿ ಹೆಚ್ಚಿನವು ಅಂಥವೇ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು, "ನಮ್ಮ ಸೊಸಿ ಬಸುರಿ ಇದ್ದಾಳ. ಬೆಕ್ಕು ಇದ್ದರ ಕೂಸಿಗೆ ತ್ರಾಸ ಅಂತಾರ, ಖರೇನ?" ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿಯ ಭಯ ಅದು. ಭಯಕ್ಕೆ ಕಾರಣ ಇದೆ, ಆದರೆ ಬೆಕ್ಕನ್ನು ಮನೆಯಿಂದ ಹಾಕುವಷ್ಟು ಇಲ್ಲ. ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಕೆಲವು ವಾರ ಮಾತ್ರ ಅದನ್ನು ಹೇಲಿನಲ್ಲಿ ಬಿಡುತ್ತದೆ. ಬಿಟ್ಟದ್ದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ದಿನಾ ತಟ್ಟೆ ತೆಗೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಆ ಕೆಲಸ ಸೊಸೆ ಮಾಡುವುದು ಬೇಡ, ಮನೆಯ ಬೇರೆಯವರು ಮಾಡಿ. ಮರಿಗೆ ಹಸಿ ಮಾಂಸ ಹಾಕಬೇಡಿ. ಮನೆಯವರು ಕಾಯಿಪಲ್ಲೆ ಚೆನ್ನಾಗಿ ತೊಳೆದು, ಮಾಂಸ ಪೂರ್ತಿ ಬೇಯಿಸಿ ತಿನ್ನಿ, ಏಕೆಂದರೆ ಮನುಷ್ಯರಿಗೆ ಅದು ಆ ದಾರಿಯಿಂದಲೂ ಬರುತ್ತದೆ. ಸೊಸೆಯ ಡಾಕ್ಟರಿಗೂ ಮನೆಯಲ್ಲಿ ಬೆಕ್ಕಿದೆ ಅಂತ ತಿಳಿಸಿ.

ಇನ್ನೊಬ್ಬ ಹುಡುಗ ಹೇಳಿದ, ಅವರ ಮನೆಯಲ್ಲಿ ಮೊದಲಿದ್ದ ಮರಿ ವಾಂತಿ ಭೇದಿಯಾಗಿ ಎರಡೇ ದಿನದಲ್ಲಿ ಸತ್ತುಹೋಯಿತು, ಈಗ ಹೊಸದು ತರಬಹುದಾ ಅಂತ. ಕೇಳಿ ನನಗೆ ಸಂಕಟವಾಯಿತು. ಅದು ಪ್ಯಾನ್‌ಲ್ಯುಕೋಪೀನಿಯಾ ಅನ್ನುವ, ಬೆಕ್ಕುಗಳಿಗೆ ಬರುವ ಮಾರಕ ವೈರಸ್ ರೋಗ ಆಗಿರಬಹುದು. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು, ಫಿನೈಲಿಗೆ ಸಾಯುತ್ತದೆ ಅಂತ ನಂಬಬೇಡಿ. ಹಳೇ ಹಾಸಿಗೆ, ತಟ್ಟೆ, ಬುಟ್ಟಿ ಸುಟ್ಟುಬಿಡು ಅಥವಾ ಎಸೆದುಬಿಡು. ಒಂದು ಪಾಲು ಬ್ಲೀಚಿಗೆ ಸುಮಾರು 30 ಪಾಲು ನೀರು ಹಾಕಿ ನೆಲ ತೊಳೆದು 10 ನಿಮಿಷ ಬಿಟ್ಟು, ಆಮೇಲೆ ಬರೀ ನೀರಲ್ಲಿ ತೊಳೆ. ಇಷ್ಟಾದ ಮೇಲೂ ಸಣ್ಣ ಮರಿ ತರಬೇಡ. ಲಸಿಕೆಯ ಎಲ್ಲ ಸುತ್ತು ಮುಗಿದ, ನಾಲ್ಕೈದು ತಿಂಗಳ ಬೆಕ್ಕನ್ನೇ ತಾ. ದೊಡ್ಡ ಬೆಕ್ಕು ಯಾರಿಗೂ ಬೇಡ, ಎಲ್ಲರಿಗೂ ಅಂಗೈಯಷ್ಟು ಮರಿಯೇ ಬೇಕು, ಹಾಗಾಗಿ ಅಂಥದ್ದು ನಿನಗೆ ಸುಲಭವಾಗಿ ಸಿಗುತ್ತದೆ.

ಕೊನೆಗೆ ಒಬ್ಬ ತಂಗಿ ಕೇಳಿದಳು, ಖೋಲಿಯ ಬಾಗಿಲು ಯಾವಾಗ ತೆಗೆಯಬೇಕು ಅಂತ. ದಿನ ಎಣಿಸಬೇಡ, ಮರಿ ನೋಡು. ಹೊಟ್ಟೆ ತುಂಬ ತಿನ್ನುತ್ತಿದೆಯಾ, ತಟ್ಟೆಯಲ್ಲೇ ಹೋಗುತ್ತಿದೆಯಾ, ನೀನು ಒಳಗೆ ಬಂದರೆ ಬಾಲ ಎತ್ತಿಕೊಂಡು ಎದುರು ಬರುತ್ತಿದೆಯಾ, ಖೋಲಿಯ ಮೂಲೆಗಳಿಗೆ ಗಲ್ಲ ತಿಕ್ಕುತ್ತಿದೆಯಾ. ಇಷ್ಟೂ ಕಂಡರೆ, ಮನೆಯಲ್ಲಿ ಗದ್ದಲ ಇಲ್ಲದ ಹೊತ್ತಿನಲ್ಲಿ ಬಾಗಿಲು ಸ್ವಲ್ಪ ತೆಗೆ. ಎತ್ತಿಕೊಂಡು ಹೊರಗೆ ತರಬೇಡ, ತಾನೇ ಬರಲಿ. ಮೊದಲು ಪಕ್ಕದ ಖೋಲಿ, ಎರಡು ದಿನ ಬಿಟ್ಟು ಪಡಸಾಲೆ. ಹೆದರಿದರೆ ಓಡಿ ಹೋಗಲು ಹಳೇ ಖೋಲಿಯ ಬಾಗಿಲು ತೆರೆದೇ ಇರಲಿ, ಡಬ್ಬಿ, ಕೌದಿ ಅಲ್ಲೇ ಇರಲಿ. ಓಣಿಗೆ, ಮಾಳಿಗೆಗೆ ಬಿಡುವ ಮಾತು ಲಸಿಕೆ, ಶಸ್ತ್ರಚಿಕಿತ್ಸೆ ಎರಡೂ ಆಗುವವರೆಗೆ ಬೇಡ. ಬಿಡದೆ ಮನೆಯೊಳಗೇ ಸಾಕಿದರೆ ನನಗೆ ಇನ್ನೂ ಸಮಾಧಾನ. ಕಿಟಕಿಗೆ ಜಾಳಿಗೆ ಹೊಡೆಸಿ, ಕೂತು ಹೊರಗೆ ನೋಡಲು ಒಂದು ಹಲಗೆ ಹಾಕಿಕೊಡು.